ಹಚ್ಚಿದವರೊಬ್ಬರು, ಕಂಡವರೊಬ್ಬರು

ಬೆಂಗಳೂರು ಚಪ್ಪಟೆ ಊರಲ್ಲ. ಏರು, ಇಳಿಜಾರು, ಕೆರೆ ಅಥವಾ ಒಂದು ಕಾಲಕ್ಕೆ ಕೆರೆಯಾಗಿದ್ದ ಬಸ್ ನಿಲ್ದಾಣ, ಮತ್ತೆ ಏರು. ಆಟೊದಲ್ಲಿ ಕೂತು ಮೊಬೈಲ್ ನೋಡುವವರಿಗೆ ಇದು ಗೊತ್ತಾಗದು. ತರಕಾರಿ ಗಾಡಿ ತಳ್ಳುವವರ ಮೊಣಕಾಲಿಗೆ ಚೆನ್ನಾಗಿ ಗೊತ್ತು. ನಗರದ ದಕ್ಷಿಣದಲ್ಲಿರುವ ಇಂಥ ಏರುಗಳಲ್ಲಿ ಹನುಮಂತನಗರದ್ದೂ ಒಂದು. ಒಂದು ಕಡೆ ರಾಮಾಂಜನೇಯ ಗುಡ್ಡ, ಇನ್ನೊಂದು ಕಡೆ ಮೌಂಟ್ ಜಾಯ್ ಎಂಬ ಹೆಸರೂ ಇರುವ ಕುಮಾರಸ್ವಾಮಿ ದೇವಸ್ಥಾನದ ಗುಡ್ಡ. ಸುತ್ತಲಿನ ಅಡ್ಡರಸ್ತೆಗಳಲ್ಲಿ ಇಪ್ಪತ್ತು ಮೂವತ್ತರ, ಮೂವತ್ತು ನಲವತ್ತರ ಸೈಟುಗಳು. ಸೈಟಿನ ಅಂಚಿನಿಂದ ಅಂಚಿಗೆ ಎದ್ದ ಮೂರು, ನಾಲ್ಕು ಅಂತಸ್ತಿನ ಮನೆಗಳು. ದೀಪಾವಳಿ ಅಮಾವಾಸ್ಯೆಯ ರಾತ್ರಿ ಈ ಬಡಾವಣೆಯಲ್ಲಿ ನೋಡಬೇಕಾದ ಜಾಗ ಇರುವುದು ಆ ಅಂತಸ್ತುಗಳ ನೆತ್ತಿಯ ಮೇಲೆ: ತಾರಸಿಯಲ್ಲಿ.

ಬೇರೆ ಜಾಗಗಳಿಲ್ಲವೆಂದಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತರೆ ಊರೆಲ್ಲ ಕಂಡೀತು, ಆದರೆ ಸಂಜೆ ಏಳಕ್ಕೆ ಗೇಟು ಹಾಕುತ್ತಾರೆ. ಗುಡ್ಡದ ದೇವಸ್ಥಾನಗಳು ಬಾಗಿಲು ಹಾಕುವ ಹೊತ್ತಿಗೇ ಆಕಾಶ ರಂಗೇರಲು ಶುರು. ಎಂ.ಜಿ. ರಸ್ತೆಯ ಕಡೆ ತಾರಸಿಯ ಮೇಲಿನ ಹೋಟೆಲುಗಳಿವೆ, ಅಲ್ಲಿ ಸಂಗೀತದ ಅಬ್ಬರದಲ್ಲಿ ಪಟಾಕಿಯ ಸದ್ದು ಕೇಳಿಸುವುದಿಲ್ಲ, ಬಿಲ್ಲು ಮಾತ್ರ ಕಾಣಿಸುತ್ತದೆ. ಹಾಗಾಗಿ ದೀಪಾವಳಿಯನ್ನು ಕತ್ತೆತ್ತಿ ನೋಡುವ ಬದಲು ಕಣ್ಣಿನ ಮಟ್ಟದಲ್ಲಿ ನೋಡಬೇಕೆನ್ನುವವರಿಗೆ ಉಳಿಯುವುದು ಯಾರದ್ದಾದರೂ ಮನೆಯ ತಾರಸಿ, ಮತ್ತು ಅದರ ಬೀಗದ ಕೈ ಇರುವ ಓನರ್ ಆಂಟಿಯ ದಯೆ.

ನನಗೆ ಎರಡೂ ಸಿಕ್ಕಿದ್ದು ಸ್ನೇಹಿತರೊಬ್ಬರ ಕೃಪೆಯಿಂದ. ಹಬ್ಬಕ್ಕೆ ಊರಿಗೆ ಹೊರಟವರು ಬಾಡಿಗೆ ಮನೆಯ ಕೀ ನನ್ನ ಕೈಗಿಟ್ಟು, ಗಿಡಗಳಿಗೆ ನೀರು ಹಾಕುವ ಕೆಲಸ ಒಪ್ಪಿಸಿದ್ದರು. ಕೆಳಗಿನ ಮನೆಯಲ್ಲಿರುವ ಆಂಟಿ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ಮೂರು ಷರತ್ತು ಹಾಕಿದರು. "ಮೇಲೆ ರಾಕೆಟ್ ಬಿಡಂಗಿಲ್ಲ. ಸುರುಸುರು ಬತ್ತಿ ಹಚ್ಕೊಳ್ಳಿ, ಕಡ್ಡಿ ಬಕೆಟ್ಟಿಗೆ ಹಾಕಿ. ಚಪ್ಪಲಿ ಹಾಕ್ಕೊಂಡೇ ಹೋಗಿ."

ಮೆಟ್ಟಿಲು ಹತ್ತುತ್ತ ಹೋದರೆ ಒಂದೊಂದು ಬಾಗಿಲೂ ಒಂದೊಂದು ಜಿಲ್ಲೆ. ಆಂಟಿಯ ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲ ಎರಡು ತುದಿಗೆ ಹಣತೆ, ಕರೆಂಟ್ ಮೀಟರುಗಳ ಪೆಟ್ಟಿಗೆಗೂ ಒಂದು ಚೆಂಡುಹೂ. ಮೊದಲನೆಯ ಮಹಡಿಯ ಬಾಲ್ಕನಿಯಲ್ಲಿ ಬಣ್ಣದ ಕಾಗದ ಅಂಟಿಸಿದ ಗೂಡುದೀಪ. ಮನೆಯವರು ಕರಾವಳಿಯವರೆಂದು ಕೇಳದೇ ತಿಳಿಯುತ್ತದೆ. ಎರಡನೆಯದರಲ್ಲಿ ಹಬ್ಬದ ಗುರುತೇ ಇಲ್ಲ, ಆರೇಳು ಜೊತೆ ಬೂಟುಗಳ ರಾಶಿ ಇದೆ: ಕೆಲಸಕ್ಕೆ ಬಂದು ಒಟ್ಟಿಗೆ ರೂಮು ಮಾಡಿಕೊಂಡಿರುವ ಹುಡುಗರು. ಮೂರನೆಯದರ ಹೊಸ್ತಿಲಲ್ಲಿ ಅಕ್ಕಿಹಿಟ್ಟು ಕಲಸಿ ಬೆರಳಿನಿಂದ ಬರೆದ ಪುಟ್ಟ ಪುಟ್ಟ ಹೆಜ್ಜೆಗಳು. ಅದು ಒಡಿಶಾದ ದಂಪತಿಯ ಮನೆ. ಅಲ್ಲಿಂದ ಮೇಲೆ ಕಿರಿದಾದ ಕಬ್ಬಿಣದ ಏಣಿಮೆಟ್ಟಿಲು, ತಗಡಿನ ಬಾಗಿಲು, ಆಮೇಲೆ ಗಾಳಿ.

ತಾರಸಿಯ ಮೇಲೆ ಬೆಂಗಳೂರಿನ ಎಲ್ಲ ತಾರಸಿಗಳಲ್ಲಿ ಇರುವುದೇ ಇದೆ. ಎರಡು ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಗಿಸುವ ತಂತಿ, ಒಡೆದ ಬಕೆಟ್ಟಿನಲ್ಲಿ ಸೊಂಪಾಗಿ ಬೆಳೆದ ದೊಡ್ಡಪತ್ರೆ. ಮಧ್ಯಾಹ್ನ ಹಿಂಗಾರಿನ ಮಳೆ ಒಂದು ಸುತ್ತು ಹೊಡೆದು ಹೋಗಿದ್ದರಿಂದ ನೆಲದಲ್ಲಿ ಅಲ್ಲಲ್ಲಿ ನೀರು ನಿಂತಿತ್ತು. ಸೊಂಟದೆತ್ತರದ ಪ್ಯಾರಪೆಟ್ ಗೋಡೆಗೆ ಒರಗಿ ಆಗಲೇ ಹತ್ತು ಹನ್ನೆರಡು ಜನ ನಿಂತಿದ್ದರು, ಒಬ್ಬರಿಂದ ಒಬ್ಬರಿಗೆ ಒಂದು ಮಾರು ಬಿಟ್ಟು. ಎಲ್ಲರೂ ಇದೇ ಕಟ್ಟಡದವರು. ಆದರೂ ಪರಿಚಯವಿಲ್ಲ. ದಿನಾ ಮೆಟ್ಟಿಲಲ್ಲಿ ಎದುರಾಗುವುದು ಹೆಲ್ಮೆಟ್ ಹಾಕಿಕೊಂಡ ತಲೆಗಳು. ಇವತ್ತು ಹೆಲ್ಮೆಟ್ ತೆಗೆದಿದ್ದರಿಂದ ಯಾರಿಗೂ ಯಾರ ಗುರುತೂ ಹತ್ತುತ್ತಿಲ್ಲ.

ಎಂಟು ಗಂಟೆಗೆ ಮೊದಲು ದಿಕ್ಕುಗಳ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು, ಆಮೇಲೆ ಎಲ್ಲವೂ ಕಲಸಿಹೋಗುತ್ತದೆ. ಪೂರ್ವಕ್ಕೆ ಬಸವನಗುಡಿ, ದೊಡ್ಡ ಬಸವಣ್ಣನ ದೇವಸ್ಥಾನದ ಸುತ್ತಲಿನ ಮರಗಳು. ಅದರಾಚೆ ಊರಿನ ದೀಪಗಳ ನಡುವೆ ಒಂದು ಅಗಲವಾದ ಕಪ್ಪು. ಅದು ಲಾಲ್‌ಬಾಗು, 240 ಎಕರೆ. ಇಡೀ ರಾತ್ರಿ ಆ ಕಪ್ಪಿನೊಳಗಿನಿಂದ ಒಂದೂ ರಾಕೆಟ್ ಏಳುವುದಿಲ್ಲ, ಆದ್ದರಿಂದ ದಿಕ್ಕು ತಪ್ಪಿದವರು ಅದನ್ನೇ ಗುರುತು ಹಿಡಿಯಬಹುದು. ಉತ್ತರಕ್ಕೆ ಗವಿಪುರ, ಕೆಂಪಾಂಬುಧಿ ಕೆರೆ, ಚಾಮರಾಜಪೇಟೆ, ಅದರ ಹಿಂದೆ ಮಾರ್ಕೆಟ್ಟು ಮತ್ತು ಚಿಕ್ಕಪೇಟೆ. ದಕ್ಷಿಣಕ್ಕೆ ಬನಶಂಕರಿ, ಕತ್ರಿಗುಪ್ಪೆ. ಪಶ್ಚಿಮಕ್ಕೆ ನೆಲ ವೃಷಭಾವತಿಯ ಕಡೆ ಇಳಿದು, ಆಚೆ ದಡದಲ್ಲಿ ರಾಜರಾಜೇಶ್ವರಿ ನಗರವಾಗಿ ಮತ್ತೆ ಏಳುತ್ತದೆ. ನಡುವೆ ಮೈಸೂರು ರಸ್ತೆಯ ಮೇಲೆ ಮೆಟ್ರೊ ಹೋಗುವುದು ಬೆಳಗಿದ ಕಿಟಕಿಗಳ ಸಾಲಾಗಿ ಕಾಣುತ್ತದೆ.

ಮೊದಲು ರಂಗೇರುವುದು ಉತ್ತರ. ಅಮಾವಾಸ್ಯೆ ಎಂದರೆ ಅಂಗಡಿಯವರ ಲಕ್ಷ್ಮೀಪೂಜೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ವರ್ತಕರು ಪೂಜೆ ಮುಗಿಸಿ, ಗಿರಾಕಿಗಳಿಗೆ ಸ್ವೀಟ್ ಬಾಕ್ಸು ಹಂಚಿ, ಷಟರ್ ಎಳೆಯುವ ಮೊದಲು ಸರಪಟಾಕಿ ಹಚ್ಚುತ್ತಾರೆ. ಸರಪಟಾಕಿಗೆ ಬಣ್ಣವಿಲ್ಲ, ಇಷ್ಟು ದೂರಕ್ಕೆ ಕಾಣುವುದು ಕಟ್ಟಡಗಳ ಸಂದಿನಲ್ಲಿ ಪಟಪಟ ಹೊಳೆಯುವ ಬಿಳಿ, ಮತ್ತು ತುಸು ತಡವಾಗಿ ಬರುವ ಸದ್ದು. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಕೊಟ್ಟ ಆದೇಶ ಸರಪಟಾಕಿಯನ್ನು ನಿಷೇಧಿಸಿದೆ. ಅದೇ ಆದೇಶ ಪಟಾಕಿ ಹೊಡೆಯಲು ರಾತ್ರಿ ಎಂಟರಿಂದ ಹತ್ತರವರೆಗೆ ಅವಕಾಶ ಕೊಟ್ಟಿತು. ಎರಡನೆಯ ಮಾತನ್ನು ಊರು ಅರ್ಧ ಕೇಳಿಸಿಕೊಂಡಿದೆ. ಮೊದಲನೆಯದು ಅವೆನ್ಯೂ ರಸ್ತೆಯ ಟ್ರಾಫಿಕ್ಕಿನಲ್ಲೇ ಸಿಕ್ಕಿಹಾಕಿಕೊಂಡಿರಬೇಕು.

ಎಂಟು ಕಳೆಯುತ್ತಿದ್ದಂತೆ ಒಂದು ದಿಕ್ಕಿಗೆ ನಿಂತು ನೋಡುವುದು ಸಾಧ್ಯವಾಗಲಿಲ್ಲ. ಬನಶಂಕರಿಯ ಮೇಲೆ ಕೆಂಪು ಒಡೆದರೆ ಎಲ್ಲರ ಮುಖ ಆ ಕಡೆ, ಅಷ್ಟರಲ್ಲಿ ಬೆನ್ನ ಹಿಂದೆ ಶ್ರೀನಗರದಲ್ಲಿ ಸ್ಕೈಶಾಟ್ ಶುರು. ಒಂದೇ ಡಬ್ಬಿಯಿಂದ ಒಂದರ ಹಿಂದೊಂದು ಹನ್ನೆರಡು, ಮೂವತ್ತು, ಅರವತ್ತು ಬಾರಿ ಮೇಲೆ ಹಾರುವಂಥದ್ದು. ಜನ ತಾರಸಿಯ ಈ ಗೋಡೆಯಿಂದ ಆ ಗೋಡೆಗೆ ಓಡಾಡತೊಡಗಿದರು. ಓಡಾಡುವಾಗ ಡಿಕ್ಕಿ, ಡಿಕ್ಕಿಗೊಂದು ಸಾರಿ, ಸಾರಿಗೊಂದು ನಗು. ಮಾರು ದೂರದ ಶಿಸ್ತು ಮುರಿದದ್ದು ಹಾಗೆ.

ಮಾತು ಶುರುವಾಗಿದ್ದು ಮಾತ್ರ ಎಣಿಕೆಯಿಂದ. ಒಂದನೆಯ ಮಹಡಿಯ ಹುಡುಗಿ ಎಂಜಿನಿಯರಿಂಗ್ ಓದುತ್ತಾಳೆ. ದಕ್ಷಿಣದಲ್ಲಿ ದೊಡ್ಡದೊಂದು ಬೆಳಕು ಒಡೆದಾಗ ಅವಳು ತನ್ನಷ್ಟಕ್ಕೆ ಬೆರಳು ಮಡಿಸಿದಳು. ಒಂದು, ಎರಡು, ಮೂರು, ಢಂ. "ಒಂದು ಕಿಲೋಮೀಟರ್," ಎಂದಳು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಬೆಳಕಿಗೆ ಈ ದೂರಗಳು ಲೆಕ್ಕಕ್ಕೇ ಇಲ್ಲ. ಹಾಗಾಗಿ ಬೆಳಕಿಗೂ ಸದ್ದಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋಮೀಟರು. ಇದು ಗೊತ್ತಾದದ್ದೇ ಇಡೀ ತಾರಸಿ ಎಣಿಸತೊಡಗಿತು. ಒಡಿಶಾದವರು ಒಡಿಯಾದಲ್ಲಿ, ಹುಡುಗರು ಅವರವರ ಭಾಷೆಯಲ್ಲಿ. "ಕತ್ರಿಗುಪ್ಪೆ!" "ಇಲ್ಲ ಸಾರ್, ಇದು ಇಲ್ಲೇ ಬ್ಯಾಂಕ್ ಕಾಲೋನಿ." ನಕಾಶೆಯಲ್ಲೂ ನೋಡದ ಬಡಾವಣೆಗಳ ದೂರವನ್ನು ನಾವು ಕಿವಿಯಿಂದ ಅಳೆಯುತ್ತಿದ್ದೆವು.

ಬಣ್ಣಗಳದ್ದೂ ಒಂದು ಆಟ. ಕೆಂಪಿಗೆ ಸ್ಟ್ರಾನ್ಷಿಯಂ, ಹಳದಿಗೆ ಸೋಡಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರ. ನೀಲಿ ಎಲ್ಲಕ್ಕಿಂತ ಕಷ್ಟದ್ದು. ನೀಲಿ ಕೊಡುವ ತಾಮ್ರದ ಸಂಯುಕ್ತ ಹೆಚ್ಚಿನ ಕಾವಿಗೆ ಮುರಿದುಹೋಗುತ್ತದೆ, ಕಾವು ಕಡಿಮೆಯಾದರೆ ಬೆಳಕೇ ಮಂಕು. ಅದನ್ನು ಹದವಾಗಿ ಉರಿಸುವುದರಲ್ಲಿ ಪಟಾಕಿ ಮಾಡುವವರ ಕೈಚಳಕವಿದೆ. ಆಕಾಶದಲ್ಲಿ ಅಪ್ಪಟ ನೀಲಿ ಯಾರಿಗೆ ಮೊದಲು ಕಾಣುತ್ತದೆ ಎಂದು ಮಕ್ಕಳಿಗೆ ಪಂದ್ಯ ಕಟ್ಟಿದರೆ ಅರ್ಧ ಗಂಟೆ ಅವರ ಸುಳಿವೇ ಇರುವುದಿಲ್ಲ. ಹಸಿರಿಗೇನೂ ಬರವಿರಲಿಲ್ಲ. ಪಟಾಕಿಯಲ್ಲಿ ಬೇರಿಯಂ ಲವಣ ಬಳಸಬಾರದೆಂದೂ ಅದೇ 2018ರ ಆದೇಶ ಹೇಳಿತ್ತು. ಅಮಾವಾಸ್ಯೆಯ ಆಕಾಶ ಅದನ್ನು ಓದಿದಂತೆ ಕಾಣಲಿಲ್ಲ.

ನನ್ನ ಪಕ್ಕಕ್ಕೆ ಬಂದು ನಿಂತವನು ಎರಡನೆಯ ಮಹಡಿಯ ಹುಡುಗ, ಕೊಪ್ಪಳದ ಕಡೆಯವನು, ಮನೆಮನೆಗೆ ಊಟ ತಲುಪಿಸುವ ಕೆಲಸ. ಮೈಮೇಲೆ ಇನ್ನೂ ಕಂಪನಿಯ ಟೀ ಶರ್ಟು. "ಇವತ್ತ ಆರ್ಡರ್ ಭಾಳ ಇದ್ವುರಿ. ಆದ್ರ ಗಲ್ಲ್ಯಾಗ ಗಾಡಿ ಓಡ್ಸಾಕ ಆಗಂಗಿಲ್ಲ, ರಾಕೆಟ್ ಅಡ್ಡ ಬರ್ತಾವ, ಕಣ್ಣ ಉರೀತಾವ. ಎಂಟಕ್ಕ ಬಂದ್ ಮಾಡಿ ಬಂದ್ಬಿಟ್ಟೆ." ಊರಲ್ಲಿ ಪಾಡ್ಯದ ದಿನ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಹೂವು ಚುಚ್ಚಿ, ಬಾಗಿಲ ಮುಂದೆ ಕೂರಿಸುತ್ತಾರೆ ಎಂದು ಹೇಳಿ, ಮೊಬೈಲಿನಲ್ಲಿ ಕಳೆದ ವರ್ಷದ ಫೋಟೊ ತೋರಿಸಿದ. ರಜೆ ಸಿಕ್ಕಿಲ್ಲವೇ ಎಂದು ಕೇಳಿದರೆ, "ಹಬ್ಬದಾಗ ಇನ್ಸೆಂಟಿವ್ ಜಾಸ್ತಿರಿ," ಎಂದ.

ಒಡಿಶಾದ ದಂಪತಿ ಒಂದು ಮೂಲೆಯಲ್ಲಿ ಊದಿನಕಡ್ಡಿಯ ಕಟ್ಟು ಹಚ್ಚಿ ಆಕಾಶದ ಕಡೆ ಎತ್ತಿ ಹಿಡಿದಿದ್ದರು. ಅವರಲ್ಲಿ ಈ ಅಮಾವಾಸ್ಯೆ ಹಿರಿಯರದ್ದು. ಸೆಣಬಿನ ಗಿಡದ ಒಣ ಕಡ್ಡಿಗಳನ್ನು ಹಚ್ಚಿ ಮೇಲಕ್ಕೆ ತೋರಿಸಿ, ಮನೆಗೆ ಬಂದುಹೋಗುವ ಪಿತೃಗಳಿಗೆ ಮರಳುವ ದಾರಿ ಕಾಣಿಸುವುದು ರೂಢಿ. "ಆ ಕಡ್ಡಿ ಇಲ್ಲಿ ಸಿಗಲ್ಲ," ಎಂದರು ಆಕೆ, ಕಲಿಯುತ್ತಿರುವ ಕನ್ನಡದಲ್ಲಿ. "ಅದಕ್ಕೆ ಇದು." ಕೇಳುತ್ತ ನಿಂತಿದ್ದ ಹೊಸನಗರದ ಕಡೆಯ ಹಿರಿಯರೊಬ್ಬರು, ಮಗನ ಮನೆಗೆ ಹಬ್ಬಕ್ಕೆ ಬಂದವರು, ತಲೆಯಾಡಿಸಿದರು. ಅವರ ಊರಲ್ಲಿ ನಾಳೆ, ಬಲಿಪಾಡ್ಯಮಿಯ ರಾತ್ರಿ, ಅಂಟಿಗೆ ಪಂಟಿಗೆಯವರು ಹೊರಡುತ್ತಾರೆ. ದೇವಸ್ಥಾನದಲ್ಲಿ ಹಚ್ಚಿದ ದೀಪ ಹಿಡಿದು, ಹಾಡುತ್ತ ಮನೆಯಿಂದ ಮನೆಗೆ, ಊರಿಂದ ಊರಿಗೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. "ದೀಪ ಆರಬಾರದು ನೋಡಿ. ಗಾಳಿ ಇದ್ರೂ ಮಳೆ ಇದ್ರೂ. ಎಣ್ಣೆ ನಮ್ದು, ಬೆಳಕು ಊರಿಂದು," ಎಂದರು.

ಆ ಮಾತು ತಲೆಯಲ್ಲಿದ್ದಾಗಲೇ ನಾನು ಕೆಳಗೆ ಬಗ್ಗಿ ನೋಡಿದ್ದು. ರಸ್ತೆಯಲ್ಲಿ ಹತ್ತು ಹನ್ನೆರಡರ ಹುಡುಗ ಗಾಜಿನ ಬಾಟಲಿಯಲ್ಲಿ ರಾಕೆಟ್ ನಿಲ್ಲಿಸಿ, ಊದಿನಕಡ್ಡಿಯನ್ನು ಕೈಯುದ್ದಕ್ಕೆ ಚಾಚಿ ಬತ್ತಿಗೆ ಮುಟ್ಟಿಸುತ್ತಿದ್ದ. ಮುಟ್ಟಿಸಿದವನೇ ಓಡಿ ನಿಲ್ಲಿಸಿದ್ದ ಕಾರಿನ ಹಿಂದೆ ಕೂತ. ರಾಕೆಟ್ ಸುಯ್ ಎಂದು ಹೋಯಿತು. ಅವನು ತಲೆ ಎತ್ತುವಷ್ಟರಲ್ಲಿ ಅದು ಕೇಬಲ್ ತಂತಿಗಳನ್ನು ದಾಟಿ, ಎದುರು ಮನೆಯ ಬಾಲ್ಕನಿ ದಾಟಿ, ವಾಲಿಕೊಂಡು ಮುಂದಿನ ಅಡ್ಡರಸ್ತೆಯ ತೆಂಗಿನ ಮರದ ಮೇಲೆ ಕೆಂಪಾಗಿ ಒಡೆಯಿತು. ನಮಗೆಲ್ಲ ಪೂರ್ತಿ ಕಂಡಿತು. ಅವನಿಗೆ ಕಂಡಿದ್ದು ಬಾಟಲಿಯ ಬಾಯಲ್ಲಿನ ಹೊಗೆ. ಎರಡು ಸಾಲು ಮನೆಗಳ ನಡುವೆ ಅವನ ಪಾಲಿಗಿದ್ದ ಆಕಾಶ ಪಂಚೆಯ ಅಂಚಿನಷ್ಟು ಅಗಲ.

ಇಡೀ ಊರಿನ ದೀಪಾವಳಿ ನಡೆಯುವುದು ಹೀಗೆಯೇ. ದುಡ್ಡು ಕೊಟ್ಟವರು, ಬತ್ತಿಗೆ ಕಡ್ಡಿ ಮುಟ್ಟಿಸಿದವರು ತಮ್ಮ ಪಟಾಕಿಯನ್ನು ಸರಿಯಾಗಿ ನೋಡುವುದೇ ಇಲ್ಲ. ಅದು ಕಾಣುವುದು ಎರಡು ಮೂರು ರಸ್ತೆಯಾಚೆ ತಾರಸಿಯ ಮೇಲೆ ನಿಂತ, ಅವರ ಹೆಸರೂ ಗೊತ್ತಿರದ ಜನಕ್ಕೆ. ಆ ಜನದ ಮನೆಯ ಮಕ್ಕಳು ಬಿಟ್ಟ ರಾಕೆಟ್ಟು ಇನ್ಯಾರಿಗೋ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಬಾಣಬಿರುಸುಗಳ ಬಗ್ಗೆ ಬರೆದಿದ್ದಾನೆ. ಅಲ್ಲಿ ಅರಸ ಕೂರುವ ಕಡೆಗೆ ಎಲ್ಲರ ಮುಖ, ಅರಸನ ಭಂಡಾರದಿಂದ ಖರ್ಚು. ನ್ಯೂಯಾರ್ಕಿನ ಜುಲೈ ನಾಲ್ಕರ ರಾತ್ರಿಯೂ ಹಾಗೆ: ನದಿಯ ಮೇಲಿನ ದೋಣಿಗಳಿಂದ ಹಾರಿಸುತ್ತಾರೆ, ಊರು ಆ ಕಡೆಗೆ ತಿರುಗಿ ನಿಲ್ಲುತ್ತದೆ. ಬೆಂಗಳೂರಿನ ಅಮಾವಾಸ್ಯೆಗೆ ಯಜಮಾನನಿಲ್ಲ, ವೇದಿಕೆಯಿಲ್ಲ, ಮುಂದಿನ ಸಾಲಿಲ್ಲ. ಲಕ್ಷಾಂತರ ಮನೆಗಳು ಒಬ್ಬರನ್ನೊಬ್ಬರು ಕೇಳದೆ ಹಚ್ಚಿದ್ದು ಒಟ್ಟು ಸೇರಿ ಎಷ್ಟಾಯಿತೆಂದು ತಿಳಿಯುವುದು ತಾರಸಿಗೆ ಮಾತ್ರ.

ಬೆಳಕು ಅಪರಿಚಿತರಿಗೆ ಸಲ್ಲುತ್ತದೆ ಎನ್ನುವುದಾದರೆ ಉಳಿದದ್ದೂ ಅವರಿಗೇ ಸಲ್ಲುತ್ತದೆ. ಉತ್ತರಕ್ಕೆ ಚಾಮರಾಜಪೇಟೆಯ ಕಡೆ ಕೈ ತೋರಿಸಿ ಆಂಟಿ, "ಅಲ್ಲೇ ಮಿಂಟೋ," ಎಂದರು. ಬಕೆಟ್ಟಿನಲ್ಲಿ ನೀರು ಇದೆಯೇ ಎಂದು ನೋಡಲು ಮೇಲೆ ಬಂದಿದ್ದರು. 1896ರಲ್ಲಿ ಶುರುವಾದ ಆ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ದೀಪಾವಳಿಯ ದಿನಗಳಿಗೆಂದೇ ಹಾಸಿಗೆಗಳನ್ನು ಕಾದಿರಿಸುತ್ತಾರೆ, ವೈದ್ಯರು ಹಗಲು ರಾತ್ರಿ ಇರುತ್ತಾರೆ. ಅಲ್ಲಿಗೆ ಬರುವವರಲ್ಲಿ ಪಟಾಕಿ ಹಚ್ಚಿದವರು ಮಾತ್ರ ಇರುವುದಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ಸ್ಕೂಟರಿನಲ್ಲಿ ಹಾದುಹೋಗುತ್ತಿದ್ದವರು, ಅಣ್ಣ ಹಚ್ಚುವಾಗ ಪಕ್ಕದಲ್ಲಿ ನಿಂತ ತಂಗಿ, ಇವರೂ ಪ್ರತಿ ವರ್ಷ ಇರುತ್ತಾರೆ. ಆಂಟಿಯ ಬಕೆಟ್ಟಿನ ಹಟ ಅಲ್ಲಿಂದಲೇ ಬಂದದ್ದು. ಸುರುಸುರು ಬತ್ತಿ ಮಕ್ಕಳಾಟವೆಂದು ನಾವು ನಂಬಿರುತ್ತೇವೆ. ಅದು ಉರಿಯುವುದು ಸಾವಿರ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಕಿಡಿ ನಿಂತ ಮೇಲೆ ತಂತಿ ಒಂದು ಕ್ಷಣ ಕೆಂಪಗೆ ಕಾಣುತ್ತದೆ, ಆಮೇಲೆ ಕಪ್ಪಾಗುತ್ತದೆ. ಅಪಾಯ ಕೆಂಪಿನಲ್ಲಿಲ್ಲ, ಆ ಕಪ್ಪಿನಲ್ಲಿದೆ. ಬಿಸಿ ಹಾಗೇ ಇರುತ್ತದೆ, ಕಾಣುವುದಿಲ್ಲ, ಬರಿಗಾಲಿಗೆ ಕಾದು ಬಿದ್ದಿರುತ್ತದೆ. ಮೊದಲನೆಯ ಮಹಡಿಯ ಪುಟ್ಟ ಹುಡುಗ ಮುಗಿದ ಕಡ್ಡಿಯನ್ನು ಬಕೆಟ್ಟಿಗೆ ಅದ್ದಿದಾಗ ಚುಂಯ್ ಎಂದು ಆವಿ ಎದ್ದಿತು. ಅವನಿಗೆ ಬತ್ತಿಗಿಂತ ಆ ಸದ್ದೇ ಹಿಡಿಸಿ, ಇನ್ನೊಂದು ಕೊಡು ಎಂದು ಶುರು ಮಾಡಿದ.

ಆಗ್ನೇಯಕ್ಕೆ, ಕಣ್ಣಿಗೆ ಎಟುಕದ ದೂರದಲ್ಲಿ, ಅತ್ತಿಬೆಲೆ ಇದೆ. ಶಿವಕಾಶಿಯ ಪಟಾಕಿ ಕಡಿಮೆ ಬೆಲೆಗೆ ಸಿಗುತ್ತದೆಂದು ಬೆಂಗಳೂರಿನ ಕಾರುಗಳು ಹೊಸೂರು ರಸ್ತೆ ಹಿಡಿದು ಹೋಗುವ ಗಡಿಯ ಊರು. 2023ರ ಅಕ್ಟೋಬರ್ 7ರಂದು, ದೀಪಾವಳಿಗೆ ಸುಮಾರು ಒಂದು ತಿಂಗಳು ಇರುವಾಗ, ಅಲ್ಲಿನ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಬಹಳಷ್ಟು ಜನ ಹಬ್ಬದ ಸೀಸನ್ನಿಗೆಂದು ತಮಿಳುನಾಡಿನಿಂದ ಕೆಲಸಕ್ಕೆ ಬಂದಿದ್ದ ಹುಡುಗರು. ತಾರಸಿಯ ಮೇಲೆ ಈ ಮಾತು ಎತ್ತಿದ್ದು ಕೊಪ್ಪಳದ ಹುಡುಗ. "ನನ್ನ ವಯಸ್ಸಿನವ್ರರಿ ಎಲ್ಲಾ," ಎಂದಷ್ಟೇ ಹೇಳಿದ.

ಒಂಬತ್ತೂವರೆಯ ಹೊತ್ತಿಗೆ ದಿಕ್ಕುಗಳು ಅಳಿಸತೊಡಗಿದವು. ಮಳೆ ಬಿದ್ದ ನೆಲ ತಣ್ಣಗಾಗಿತ್ತು, ಗಾಳಿ ನಿಂತಿತ್ತು. ಇಂಥ ರಾತ್ರಿ ಹೊಗೆ ಮೇಲೇರದೆ ಮನೆಗಳ ಎತ್ತರದಲ್ಲೇ ಹರಡಿಕೊಳ್ಳುತ್ತದೆ. ಮೊದಲು ರಾಜರಾಜೇಶ್ವರಿ ನಗರ ಹೋಯಿತು, ಆಮೇಲೆ ಮೆಟ್ರೊ, ಆಮೇಲೆ ಲಾಲ್‌ಬಾಗಿನ ಕಪ್ಪೂ ಬೂದಿಯಾಯಿತು. ಬಣ್ಣಗಳು ಹೊಗೆಯ ಹಿಂದೆ ಬರೀ ಮಿಣುಕಾದವು. ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 'ನೀರಿ' ರೂಪಿಸಿದ ಹಸಿರು ಪಟಾಕಿ ಕಣಗಳ ಹೊಗೆಯನ್ನು ಶೇಕಡ 30ರಷ್ಟು ಕಡಿಮೆ ಮಾಡುತ್ತದೆ. ಉಳಿದ ಎಪ್ಪತ್ತು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಾದರೂ ತಾರಸಿಯೇ ಸರಿಯಾದ ಜಾಗ. ಹೊಸನಗರದ ಹಿರಿಯರು ಕೆಮ್ಮುತ್ತ ಮೊದಲು ಕೆಳಗಿಳಿದರು. ಎದುರು ಮನೆಯ ನಾಯಿ ಸಂಜೆಯಿಂದ ಬಾತ್‌ರೂಮಿನಲ್ಲಿ ಅಡಗಿದೆ, ಅನ್ನ ಮುಟ್ಟಿಲ್ಲ ಎಂಬ ಸುದ್ದಿ ತಾರಸಿಯಿಂದ ತಾರಸಿಗೆ ಬಂತು.

ಹತ್ತು ಹೊಡೆದರೂ ಸದ್ದು ನಿಲ್ಲಲಿಲ್ಲ, ಆದರೆ ಆಂಟಿಯ ಗಡಿಯಾರ ಕೋರ್ಟಿನದ್ದು. "ಬೀಗ ಹಾಕ್ತೀನಿ, ಇಳೀರಿ ಎಲ್ಲ." ಇಳಿಯುವ ಮೊದಲು ಒಡಿಶಾದವರ ಮನೆಯಿಂದ ಬಂದ ತೆಂಗಿನಕಾಯಿ ಕಡುಬಿನಂಥ ಪಿಠಾ, ಮೊದಲನೆಯ ಮಹಡಿಯವರ ಚಕ್ಕುಲಿ ಒಂದೇ ತಟ್ಟೆಯಲ್ಲಿ ಸುತ್ತಿದವು. ಎರಡನೆಯ ಮಹಡಿಯ ಹುಡುಗರು ಕೊಡಲು ಏನೂ ಇಲ್ಲವೆಂದು ನಾಚಿಕೊಂಡು, ಕೊನೆಗೆ ತುಂಬಿದ ಬಕೆಟ್ಟನ್ನು ತಾವೇ ಇಳಿಸಿಕೊಂಡು ಹೋದರು.

ದೀಪಾವಳಿಗೆ ತಾರಸಿ ಹತ್ತಬೇಕೆನ್ನುವವರಿಗೆ ಇಷ್ಟು ಸಾಕು: ಏಳೂವರೆಗೆ ಜಾಗ ಹಿಡಿಯಿರಿ, ಹತ್ತಿಬಟ್ಟೆ ಉಡಿ, ಚಪ್ಪಲಿ ಬಿಡಬೇಡಿ, ನೋಡಬೇಕಾದ್ದನ್ನು ಒಂಬತ್ತೂವರೆಯೊಳಗೆ ನೋಡಿ ಮುಗಿಸಿ. ಪಟಾಕಿ ಹಚ್ಚುವವರಿಗೆ ಇನ್ನೊಂದು ಮಾತು. ಬೆಳಗ್ಗೆ ಆರಕ್ಕೆ ಪೌರಕಾರ್ಮಿಕರು ಬಂದು ರಸ್ತೆಯ ಕೆಂಪು ಕಾಗದವನ್ನೆಲ್ಲ ಗುಡ್ಡೆ ಮಾಡಿ ಕೈಯಿಂದ ಎತ್ತಿ ಆಟೊಗೆ ತುಂಬುತ್ತಾರೆ. ಅದರಲ್ಲಿ ಅರ್ಧ ಸುಟ್ಟವು, ಟುಸ್ ಆದವು, ಬತ್ತಿ ಹೋಗಿ ಮದ್ದು ಉಳಿದವು ಇರುತ್ತವೆ. ರಾತ್ರಿ ಮಲಗುವ ಮೊದಲು ನಿಮ್ಮ ಬಾಗಿಲ ಮುಂದಿನ ಗುಡ್ಡೆಗೆ ಎರಡು ಚೊಂಬು ನೀರು ಹಾಕಿ. ನಿಮ್ಮ ರಾಕೆಟ್ಟಿನ ಬೆಳಕು ಯಾರಿಗೆ ತಲುಪಿತೋ ನಿಮಗೆ ತಿಳಿಯದು, ಉಳಿದ ಮದ್ದು ಯಾರ ಕೈಗೆ ತಲುಪುತ್ತದೆಂದು ಚೆನ್ನಾಗಿಯೇ ತಿಳಿದಿದೆ.